ಎಣ್ಣೆ ಹಚ್ಚಿಕೊಂಡು ದಾರಿಗಡ್ಡ ನಿಂತ ಸಣ್ಣಕ್ಕ

ಊರಿನವರ ಆರೋಗ್ಯದ ಮೇಲಿನ ಕಾಳಜಿಯಿಂದ ಸಣ್ಣಕ್ಕ ಆಶಾ ಕಾರ್ಯಕರ್ತೆಯಾದಳು ಎಂದು ಯಾರಾದರೂ ಭಾಷಣದಲ್ಲಿ ಹೇಳಿದರೆ ಮೊದಲು ನಗುವವಳು ಸಣ್ಣಕ್ಕನೇ. ಆ ಕೆಲಸಕ್ಕೆ ಓರಗಿತ್ತಿ ಯಮುನಮ್ಮ ಅರ್ಜಿ ಹಾಕುತ್ತಾಳೆ ಎಂಬ ಸುದ್ದಿ ಬೇಲಿ ದಾಟಿ ಬಂತು. ಮರುದಿನ ಬೆಳಗಿನ ಬಸ್ಸಿಗೇ ಸಣ್ಣಕ್ಕ ಶೃಂಗೇರಿಗೆ ಹೋಗಿ ತಾನೂ ಹಾಕಿ ಬಂದಳು. ಹತ್ತನೇ ತರಗತಿ ಪಾಸಾದವರು ಬೇಕು ಎಂದರು. ಯಮುನಮ್ಮ ಗಣಿತದಲ್ಲಿ ಫೇಲಾಗಿ ನಿಂತವಳು. ಸಣ್ಣಕ್ಕ ಗಣಿತದಲ್ಲಿ ಹೇಗೆ ಪಾಸಾದಳು ಎಂಬುದನ್ನು ಆ ವರ್ಷ ಅವಳ ಮುಂದಿನ ಬೆಂಚಿನಲ್ಲಿ ಕೂತಿದ್ದ ಹುಡುಗಿಯನ್ನು ಕೇಳಬೇಕು.

ಕಿಗ್ಗದಿಂದ ಸಿರಿಮನೆ ಕಡೆ ಹೋಗುವಾಗ ಎಡಕ್ಕೊಂದು ಮಣ್ಣಿನ ದಾರಿ ಹತ್ತುತ್ತದೆ. ಜಲಪಾತ ನೋಡಲು ಬಂದವರು ತಪ್ಪಿ ಅಲ್ಲಿಗೆ ಕಾರು ಹತ್ತಿಸಿ, ಹಿಂದಕ್ಕೆ ತಿರುಗಿಸಲಾಗದೆ ದೇವರನ್ನು ನೆನೆಯುವ ಜಾಗವೇ ಮೇಲ್ಕೊಡಿಗೆ. ಊರೆಂದರೆ ಬೆರಳೆಣಿಕೆಯ ಮನೆಗಳು. ಅದರಲ್ಲಿ ಯಮುನಮ್ಮನದೂ ಸಣ್ಣಕ್ಕನದೂ ಹಿಂದೆ ಒಂದೇ ಮನೆ. ಅಣ್ಣತಮ್ಮಂದಿರು ಪಾಲಾದಾಗ ನಡುವೆ ಗೋಡೆ ಎದ್ದಿತು. ಗದ್ದೆ ಪಾಲಾಯಿತು, ತೋಟ ಪಾಲಾಯಿತು, ದನ ಪಾಲಾಯಿತು, ಬಚ್ಚಲ ಹಂಡೆ ಯಾರಿಗೆಂದು ಪಂಚಾಯ್ತಿಯೂ ಆಯಿತು. ಹಿತ್ತಿಲ ಹಲಸಿನ ಮರವೊಂದು ಮಾತ್ರ ಎಲ್ಲರಿಗೂ ಮರೆತುಹೋಯಿತು. ಆ ಮರದ ಬುಡ ಸಣ್ಣಕ್ಕನ ಹಿತ್ತಿಲಲ್ಲಿ. ಫಲ ಬಿಡುವ ಕೊಂಬೆಗಳೆಲ್ಲ ಯಮುನಮ್ಮನ ಕೊಟ್ಟಿಗೆಯ ಮೇಲೆ. ಅದೂ ಬಕ್ಕೆ ಹಲಸು, ತೊಳೆ ಒಂದೊಂದೂ ಜೇನಿನ ಮುದ್ದೆ. ಹಣ್ಣು ಹುಳಿಯಾಗಿದ್ದರೆ ಓರಗಿತ್ತಿಯರು ಇಂದಿಗೂ ಅಕ್ಕತಂಗಿಯರ ಹಾಗೆ ಇರುತ್ತಿದ್ದರು.

"ಬುಡ ಯಾರ ಜಾಗದಲ್ಲುಂಟೋ ಮರ ಅವ್ರದ್ದು" ಎಂದು ಸಣ್ಣಕ್ಕ ಈಚೆಯಿಂದ ನಾಯಿಗೆ ಹೇಳುತ್ತಿದ್ದಳು.

"ಕೊಂಬೆ ಮುರ್ದು ಬಿದ್ರೆ ಯಾರ ಹಂಚು ಒಡೀತದೋ ಹಣ್ಣು ಅವ್ರದ್ದು" ಎಂದು ಯಮುನಮ್ಮ ಆಚೆಯಿಂದ ದನಕ್ಕೆ ಹೇಳುತ್ತಿದ್ದಳು. ಒಬ್ಬರಿಗೊಬ್ಬರು ನೇರ ಮಾತಿಲ್ಲ. ನಾಯಿ, ದನ ಎರಡೂ ಕಾನೂನು ತಿಳಿದುಕೊಂಡವು.

ಕೆಲಸ ಸಿಕ್ಕಿದ ಮೇಲೆ ಕೊಪ್ಪದಲ್ಲಿ ತರಬೇತಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲೂಕಿನ ಹೆಂಗಸರು ಒಂದೇ ಹಾಲಿನಲ್ಲಿ. ಕೊಪ್ಪದವರಿಗೆ ತಾವು ಪೇಟೆಯವರೆಂಬ ಗತ್ತು. ಶೃಂಗೇರಿಯವರಿಗೆ ವಿದ್ಯೆ ತಮ್ಮೂರ ದೇವಿಯ ಇಲಾಖೆ, ಆದ್ದರಿಂದ ತಾವು ಪಾಠ ಕೇಳದಿದ್ದರೂ ನಡೆಯುತ್ತದೆ ಎಂಬ ಧೈರ್ಯ. ನರಸಿಂಹರಾಜಪುರದವರು ಊರಿನ ಹೆಸರು ಪೂರ್ತಿ ಹೇಳುವಷ್ಟರಲ್ಲಿ ಉಪ್ಪಿಟ್ಟು ಖಾಲಿಯಾಗುತ್ತದೆಂದು ಉಳಿದವರು ಗೇಲಿ ಮಾಡಿದ್ದಕ್ಕೆ, ಅವರು ಎನ್.ಆರ್.ಪುರ ಎಂದಷ್ಟೇ ಹೇಳಿ ತಟ್ಟೆ ಹಿಡಿದು ಮುಂದೆ ನಿಂತರು.

ಪಾಠ ಹೇಳುವವಳು ಶ್ರೀರಕ್ಷಾ. ಕಡೂರಿನ ಕಡೆಯ ಹುಡುಗಿ, ನರ್ಸಿಂಗ್ ಓದಿದವಳು. ಯಾರು ಎಷ್ಟು ತಮಾಷೆ ಮಾಡಿದರೂ ಮುಖ ಸಿಂಡರಿಸದವಳು. ಮನೆಮನೆಗೆ ಹೋಗಿ ಮಾತಾಡುವುದು ಹೇಗೆಂದು ನಾಟಕ ಆಡಿಸಿ ತೋರಿಸುತ್ತಿದ್ದಳು. ತಾನೇ ಕಾರ್ಯಕರ್ತೆ, ಸಣ್ಣಕ್ಕ ಮನೆಯೊಡತಿ.

"ನಮಸ್ಕಾರ ಅಮ್ಮಾ, ಆರೋಗ್ಯ ವಿಚಾರಿಸೋಕೆ ಬಂದಿದೀನಿ."

"ಬನ್ನಿ ಬನ್ನಿ, ಕೂತ್ಕಳಿ. ಬೆಲ್ಲ ನೀರು ತರ್ಲಾ? ಮದ್ವೆ ಆಯ್ತಾ ನಿಮ್ಗೆ?"

"ಅಮ್ಮಾ, ಮನೇಲಿ ಯಾರಿಗಾದ್ರೂ ಜ್ವರ..."

"ಜ್ವರ ಎಲ್ಲಿಗೂ ಓಡಲ್ಲ ಮಾರಾಯ್ತಿ. ಹಾಗಾದ್ರೆ ಮದ್ವೆ ಆಗಿಲ್ಲ! ನಮ್ಮ ಕಡೆ ಒಬ್ಬ ಹುಡುಗ ಇದ್ದಾನೆ. ಕಾಫಿ ತೋಟ ಉಂಟು. ಕಿವಿ ಒಂಚೂರು ಮಂದ. ಹೀಗೆ ಪಾಠ ಹೇಳೋರಿಗೆ ಅಂಥ ಗಂಡನೇ ಬಾಳಿಕೆ ಬರೋದು."

ಹಾಲಿಗೆ ಹಾಲೇ ನಕ್ಕಿತು. ಶ್ರೀರಕ್ಷಾಳೂ ನಕ್ಕಳು. ಆದರೆ ಸಣ್ಣಕ್ಕನ ಮಾತಿನ ಓಟ ನೋಡಿ, ಇವಳ ಊರಲ್ಲಿ ಯಾವ ಕೆಲಸವೂ ನಿಲ್ಲುವುದಿಲ್ಲ ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡಳು.

ಮಂಗನ ಕಾಯಿಲೆಯ ಪಾಠ ಬಂದಾಗ ಮಾತ್ರ ಸಣ್ಣಕ್ಕ ಬಾಯಿ ಮುಚ್ಚಿ ಕೂತಳು. ಮಂಗ ಸತ್ತ ಕಾಡಿನಲ್ಲಿ ಉಣುಗು ಎಂಬ ರಕ್ತ ಹೀರುವ ಹುಳು ಮನುಷ್ಯರಿಗೆ ಹತ್ತುತ್ತದೆ, ಕಚ್ಚಿದರೆ ಜ್ವರ. ಆ ಜ್ವರ ಎಂಥದೆಂದು ಅವಳು ನೋಡಿದ್ದಳು. ಪಕ್ಕದೂರಿನ ಗಟ್ಟಿಮುಟ್ಟಾದ ಆಳೊಬ್ಬ ಆಸ್ಪತ್ರೆಯಿಂದ ವಾಪಸು ಬಂದಾಗ ಅವನ ನಾಯಿಯೇ ಅವನನ್ನು ನೋಡಿ ಬೊಗಳಿತ್ತು. ಬೇಸಗೆ ಶುರುವಾದರೆ ಮೇಲ್ಕೊಡಿಗೆಯ ಹೆಂಗಸರೆಲ್ಲ ಕೊಟ್ಟಿಗೆಗೆ ದರಗು ತರಲು ಗುಡ್ಡ ಹತ್ತುವವರೇ. ಒಣಗಿದ ಎಲೆ ಗುಡಿಸುವಾಗ ಎಲೆಯ ಜೊತೆ ಉಣುಗೂ ಬುಟ್ಟಿಗೆ ಬರುತ್ತದೆ. ಆ ದಂಡಿಗೆ ಮುಂದಾಳು ಯಾರು? ಯಮುನಮ್ಮ.

"ಕಾಡಿಗೆ ಹೋಗೋ ಮುಂಚೆ ಕೈಗೆ, ಕಾಲಿಗೆ, ಕತ್ತಿಗೆ ಈ ಎಣ್ಣೆ ಹಚ್ಚಬೇಕು. ವಾಪಸ್ ಬಂದ್ಮೇಲೆ ಬಿಸಿನೀರು, ಸೋಪು, ಸ್ನಾನ. ಇಷ್ಟೇ" ಎಂದಳು ಶ್ರೀರಕ್ಷಾ, ಉಣುಗು ಹತ್ತದಂತೆ ಸರ್ಕಾರ ಪುಕ್ಕಟೆ ಕೊಡುವ ಎಣ್ಣೆಯ ಬಾಟಲಿ ಎತ್ತಿ ತೋರಿಸುತ್ತಾ. ಎಲ್ಲರೂ ಒಕ್ಕೊರಲಿನಿಂದ ಒಪ್ಪಿಸಿದರು. ಇದರಲ್ಲಿ ತಪ್ಪುವಂಥದ್ದು ಏನಿದೆ?

ಊರಿಗೆ ಬಂದ ಮೇಲೆ ಸಣ್ಣಕ್ಕನಿಗೆ ಒಂದು ಸತ್ಯ ತಿಳಿಯಿತು. ದುಡ್ಡಿಗೆ ಮಾರುವುದು ಸುಲಭ, ಪುಕ್ಕಟೆ ಕೊಡುವುದು ಕಷ್ಟ. ಪುಕ್ಕಟೆ ವಸ್ತು ಕಂಡರೆ, ಇದರಲ್ಲಿ ಏನೋ ಐಬಿದೆ ಎಂದು ಒಬ್ಬರಿಗೆ ಅನುಮಾನ. ಒಳ್ಳೆಯದನ್ನು ತಾನಿಟ್ಟುಕೊಂಡು ಉಳಿದದ್ದನ್ನು ಹಂಚುತ್ತಿದ್ದಾಳೆ ಎಂದು ಇನ್ನೊಬ್ಬರಿಗೆ. ಸಣ್ಣಕ್ಕ ಸಂತೆಯ ಬುದ್ಧಿ ಉಪಯೋಗಿಸಿದಳು. ಪ್ರತಿ ಮನೆಯ ಬಾಗಿಲಲ್ಲೂ ದನಿ ತಗ್ಗಿಸಿ, "ಬಾಟ್ಲಿ ಎಲ್ರಿಗೂ ಸಾಕಾಗಲ್ಲ ಕಣೇ, ಯಾರಿಗೂ ಹೇಳ್ಬೇಡ, ಮೊದ್ಲು ನಿಮ್ಮನೆಗೇ ಬಂದೆ" ಎಂದಳು. ಸಂಜೆಯೊಳಗೆ ಚೀಲ ಖಾಲಿ. ಯಮುನಮ್ಮನ ಪಾಲಿನ ಬಾಟಲಿಯನ್ನು ನಡುಗೋಡೆಯ ಮೇಲಿಟ್ಟು ನಾಯಿಯ ಕಡೆ ತಿರುಗಿ, "ಕೊಟ್ರೂ ಹಚ್ಕಳಕ್ಕೆ ಬರಬೇಕಲ್ಲ ಕೆಲವ್ರಿಗೆ" ಎಂದು ಒಳಗೆ ಹೋದಳು. ಮತ್ತೆ ಬಂದು ನೋಡುವಾಗ ಬಾಟಲಿ ಮಾಯ.

ಕೆಲವೇ ವಾರಗಳಲ್ಲಿ ಖಾಲಿ ಬಾಟಲಿಗಳು ಬಂದವು. ಇನ್ನೂ ಬೇಕು ಎಂದು ಕೇಳಿದರು. ಯಮುನಮ್ಮನ ಖಾಲಿ ಬಾಟಲಿಯೂ ಗೋಡೆಯ ಮೇಲೆ ಬಂದು ಕೂತಿತು, ಮುಚ್ಚಳ ತೆಗೆದು, ತಲೆಕೆಳಗಾಗಿ. ಅದು ಯಮುನಮ್ಮನ ಭಾಷೆಯಲ್ಲಿ ಅರ್ಜಿ.

ಸಣ್ಣಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೊಪ್ಪದ ಸಭೆಯಲ್ಲಿ ಉಳಿದವರೆಲ್ಲ "ಜನ ಕೇಳಲ್ಲ ಮೇಡಂ" ಎಂದು ಗೋಳಾಡುತ್ತಿದ್ದಾಗ ಇವಳು ಎದ್ದು ನಿಂತು, "ನಮ್ಮೂರಲ್ಲಿ ತಳದ ಹನಿ ತಂಕ ಬಳ್ದಿದ್ದಾರೆ. ಜನರ ಹತ್ರ ಮಾತಾಡಕ್ಕೆ ಬರಬೇಕು, ಅಷ್ಟೇ" ಎಂದಳು. ಹರಿಹರಪುರದ ಕಡೆಯವಳೊಬ್ಬಳು ಪಕ್ಕದವಳಿಗೆ, "ಇವ್ಳು ಹಚ್ಚಿದ್ದೋ, ಕುಡ್ಸಿದ್ದೋ?" ಎಂದದ್ದು ಸಣ್ಣಕ್ಕನಿಗೆ ಕೇಳಿಸಿದರೂ ಕೇಳಿಸಲಿಲ್ಲ. ಶ್ರೀರಕ್ಷಾ ಚಪ್ಪಾಳೆ ತಟ್ಟಿಸಿದಳು. ಎನ್.ಆರ್.ಪುರ ಕಡೆಯ ಹೊಸಬರ ತಂಡವನ್ನು ಮೇಲ್ಕೊಡಿಗೆಗೇ ಕರೆತಂದು ತೋರಿಸುತ್ತೇನೆಂದು ದಿನವನ್ನೂ ಗೊತ್ತುಮಾಡಿದಳು.

ಆ ದಿನಕ್ಕೆ ಮುಂಚೆ ಸಣ್ಣಕ್ಕ ಸಕ್ಕರೆ, ಚಾಪುಡಿ ತರಲು ಕಿಗ್ಗಕ್ಕೆ ಇಳಿದಳು. ಅಲ್ಲಿನ ಅಂಗಡಿಯ ಸುಂದರೇಶ್ ಸಾಮಾನು ಕಟ್ಟುತ್ತಾ ಗಿರಾಕಿಯ ಮನೆ ಸುದ್ದಿಯನ್ನೂ ಕಟ್ಟಿಕೊಳ್ಳುವ ಮನುಷ್ಯ.

"ಎಂತ ಸಣ್ಣಕ್ಕ, ನಿಮ್ಮೂರಲ್ಲಿ ಮನೆಮನೇಲೂ ಮದ್ವೆನಾ?"

"ಯಾಕೆ ಮಾರಾಯಾ?"

"ಸೀಗೆಪುಡಿ ಕೇಳಿ ಕೇಳಿ ತಗಂಡೋಗ್ತಾ ಇದ್ದಾರೆ. ದೀಪಾವಳಿಗೂ ನಂಗೆ ಇಷ್ಟು ವ್ಯಾಪಾರ ಇಲ್ಲ. ನಿಮ್ಮ ಅಕ್ಕ ಯಮುನಮ್ಮ ಅಂತೂ ದೊಡ್ಡ ಪ್ಯಾಕೇ ಒಯ್ದರು."

"ಚೊಕ್ಕ ಆಗ್ತಿದ್ದಾರೆ ನಮ್ಮೂರವ್ರು. ಎಲ್ಲ ನನ್ನ ಟ್ರೇನಿಂಗು" ಎಂದು ಸಣ್ಣಕ್ಕ ಬೀಗಿದಳು. ಅಂಗಡಿಯವನಿಗೆ ಕಂಡದ್ದು ಕಾರ್ಯಕರ್ತೆಗೆ ಕಾಣಲಿಲ್ಲ. ಅವನು ಮಾರುವುದನ್ನು ಮಾತ್ರ ನೋಡುತ್ತಿದ್ದ. ಇವಳು ತನ್ನನ್ನು ಮಾತ್ರ.

ಅದೇ ಸಂಜೆ ಆರೋಗ್ಯ ಕೇಂದ್ರದಿಂದ ಫೋನು ಬಂತು. ಸಿರಿಮನೆಯ ಆಚೆ ಮಗ್ಗುಲಲ್ಲಿ ಮಂಗ ಸತ್ತು ಬಿದ್ದಿದೆ. ಆ ಗುಡ್ಡದ ಕಡೆ ಯಾರೂ ಹೋಗುವುದೇ ಬೇಡ. ಊರಿನ ಈಚೆ ಗುಡ್ಡಕ್ಕೆ ಹೋಗುವುದಾದರೂ ಎಣ್ಣೆ ಇಲ್ಲದೆ ಕೂಡದು. ಸಣ್ಣಕ್ಕ ಮನೆಮನೆಗೂ ಹೋಗಿ ಹೇಳಿ ಬಂದಳು. ಆಚೆ ಗುಡ್ಡ ಬಿಡಲು ಎಲ್ಲರೂ ಒಪ್ಪಿದರು. "ಎಣ್ಣೆ ನಾವು ಯಾವತ್ತು ಬಿಟ್ಟಿದ್ದೀವೇ?" ಎಂದೂ ಎಂದರು. ಸಣ್ಣಕ್ಕ ನೆಮ್ಮದಿಯಿಂದ ಮಲಗಿದಳು.

ಬೆಳಗ್ಗೆ ಎದ್ದು ಜಗಲಿಗೆ ಬಂದವಳಿಗೆ ಊರೆಲ್ಲ ಹೊಗೆ ಕಂಡಿತು. ಅಡುಗೆಮನೆಯ ಹೊಗೆಯಲ್ಲ, ಬಚ್ಚಲ ಒಲೆಯ ಹೊಗೆ. ಮೇಲ್ಕೊಡಿಗೆಯಲ್ಲಿ ಹಂಡೆಗೆ ಉರಿ ಹಾಕುವುದು ದಿನದ ಕೆಲಸವೆಲ್ಲ ಮುಗಿದ ಮೇಲೆ. ದರಗಿಗೆ ಹೊರಡುವವರು ಬೆಳಗ್ಗೆ ಯಾಕೆ ನೀರು ಕಾಯಿಸುತ್ತಾರೆ? ಸಣ್ಣಕ್ಕನ ಮೂಗಿಗೆ ಹೊಗೆಯ ಜೊತೆ ಸೀಗೆಪುಡಿಯ ವಾಸನೆಯೂ ಬಂತು. ಅಲ್ಲಿಗೆ ಸುಂದರೇಶನ ಮಾತು ಹಂಡೆಯ ನೀರಿನ ಹಾಗೆ ತಲೆಯ ಮೇಲೆ ಸುರಿಯಿತು.

ಅವಳು ಪಾಲಾದ ಮೇಲೆ ಮೊದಲ ಬಾರಿಗೆ ಗೋಡೆ ಸುತ್ತಿ ಯಮುನಮ್ಮನ ಅಂಗಳಕ್ಕೆ ಕಾಲಿಟ್ಟಳು. ಯಮುನಮ್ಮ ತಲೆಗೆ ಬೈರಾಸು ಸುತ್ತಿಕೊಂಡು ಬಚ್ಚಲಿನಿಂದ ಆಗಷ್ಟೇ ಹೊರಬಂದಿದ್ದಳು.

"ಅಕ್ಕಾ, ಎಣ್ಣೆ ಹಚ್ಕಂಡ್ಯಾ?"

ನೇರ ಮಾತು ಕೇಳಿ ಯಮುನಮ್ಮ ಒಂದು ಕ್ಷಣ ದನವನ್ನು ಹುಡುಕಿದಳು. ಹತ್ತಿರದಲ್ಲಿ ಯಾವುದೂ ಇರಲಿಲ್ಲ. "ಹಚ್ಕಂಡೆ. ಚೆನ್ನಾಗಿ ತಿಕ್ಕಿ, ನೆನ್ಸಿ, ಮಿಂದೆ. ಮೈಯೆಲ್ಲ ಹಗುರಾಗ್ತದೆ. ಸರ್ಕಾರದ್ದಾದ್ರೂ ಎಣ್ಣೆ ಒಳ್ಳೇದುಂಟು."

"ಮಿಂದ್ಯಾ! ಮಿಂದ್ರೆ ಎಣ್ಣೆ ಎಲ್ಲಿ ಉಳೀತದೆ? ಮೀಯೋದು ಗುಡ್ಡದಿಂದ ಬಂದ್ಮೇಲೆ!"

"ಬಂದ್ಮೇಲೂ ಮೀತೀವಿ. ಹೋಗೋಕ್ ಮುಂಚೆ ಮೀಯದೆ ಇರಕ್ಕಾಗ್ತದಾ? ಮೈಯಲ್ಲಿ ಎಣ್ಣೆ ಇಟ್ಕಂಡು ಹೊಸ್ತಿಲು ದಾಟೋದುಂಟನೇ? ನಿಂಗೆ ನಿನ್ನ ಅಮ್ಮ ಇಷ್ಟೂ ಹೇಳ್ಕೊಟ್ಟಿಲ್ವಾ?"

ಹೇಳಿಕೊಟ್ಟಿದ್ದಳು. ಎಣ್ಣೆ ಎಂದರೆ ಹಿಂದೆಯೇ ಬಿಸಿನೀರು, ಸೀಗೆ. ಎಣ್ಣೆ ಮೈಯಲ್ಲಿ ಹೊರಗೆ ಹೋಗುವುದು ಕೇಡು. ಹೊರಟವರಿಗೆ ಎಣ್ಣೆ ಮೈಯವರು ಎದುರಾದರೆ ಹಿಂದಕ್ಕೆ ಹೋಗಿ, ಕೂತು, ನೀರು ಕುಡಿದು, ಮತ್ತೆ ಹೊರಡಬೇಕು. ಸಣ್ಣಕ್ಕನೂ ಅದನ್ನೇ ಕುಡಿದು ಬೆಳೆದವಳು. ಅವಳು ದರಗಿಗೆ ಹೋಗುವುದನ್ನು ಬಿಟ್ಟು ವರ್ಷಗಳಾಗಿದ್ದವು, ಆ ಎಣ್ಣೆಯನ್ನು ತನ್ನ ಮೈಗೆ ಒಮ್ಮೆಯೂ ಹಚ್ಚಿರಲಿಲ್ಲ. ಹಚ್ಚಿದ್ದರೆ ಅವಳೂ ಮಿಂದೇ ಹೊರಡುತ್ತಿದ್ದಳು.

"ಅಕ್ಕಾ, ಮಂಗ ಸತ್ತಿದೆ. ಇವತ್ತೊಂದಿನ ಹಾಗೇ ಹಚ್ಕಂಡು ಹೋಗು."

"ನೀ ಹೇಳ್ದೆ ಅಂತ ಹೋಗ್ಬೇಕಾ? ಹೋಗೇ, ನಿನ್ನ ಜೀಪಿನವ್ರು ಬರ್ತಾರೆ, ಚಾ ಕಾಸು."

ಸಣ್ಣಕ್ಕ ಮನೆಗೆ ಬಂದು ಮೆಟ್ಟಿಲ ಮೇಲೆ ಕೂತಳು. ಸುಮ್ಮನಿದ್ದರೆ ಏನೂ ನಷ್ಟವಿಲ್ಲ. ಖಾಲಿ ಬಾಟಲಿಗಳನ್ನು ಜಗಲಿಯಲ್ಲಿ ಸಾಲಾಗಿ ಇಟ್ಟರೆ ಸಾಕು, ಬಂದವರು ಫೋಟೋ ಹೊಡೆದುಕೊಂಡು ಹೋಗುತ್ತಾರೆ. ಅವು ಬಚ್ಚಲ ಮೋರಿಯಲ್ಲಿ ಹರಿದುಹೋದ ಎಣ್ಣೆ ಎಂದು ಬಾಟಲಿಗಳು ಬಾಯಿ ಬಿಡುವುದಿಲ್ಲ. ಆದರೆ ಗುಡ್ಡದಲ್ಲಿ ಮೊದಲ ಬುಟ್ಟಿ ತುಂಬುವವಳು ಯಮುನಮ್ಮ. ಪಕ್ಕದೂರಿನ ಆಳನ್ನು ನೋಡಿ ಬೊಗಳಿದ ನಾಯಿಯ ನೆನಪಾಯಿತು. ಯಮುನಮ್ಮನಿಗೆ ಹಾಗಾದರೆ? ಗೋಡೆಯ ಆಚೆ ದನಕ್ಕೆ ಬಯ್ಯುವ ದನಿ ಇಲ್ಲದಿದ್ದರೆ, ಈಚೆ ನಾಯಿಗೆ ಹೇಳುವುದಾದರೂ ಏನು? ಅಂಥ ಜಗಳ ಮತ್ತೆ ಯಾರ ಹತ್ತಿರ ಸಿಗುತ್ತದೆ?

ಅವಳು ಎದ್ದಳು. ಕೈಗೆ, ಕಾಲಿಗೆ, ಕತ್ತಿಗೆ ಉಣುಗಿನ ಎಣ್ಣೆ ಬಳಿದಳು. ದೂರದಿಂದಲೇ ಕಾಣಬೇಕಲ್ಲ, ಅಡುಗೆಮನೆಯ ತೆಂಗಿನೆಣ್ಣೆಯ ಡಬ್ಬಿಯನ್ನು ನೆತ್ತಿಯ ಮೇಲೆ ಕವುಚಿಕೊಂಡಳು. ಕೂದಲು ಬಿಚ್ಚಿದಳು. ಹಣೆಯಿಂದ ಎಣ್ಣೆ ಮೂಗಿಗೆ ಇಳಿಯಿತು. ಕಾಡುಹಂದಿ ಗದ್ದೆಗೆ ನುಗ್ಗಿದಾಗ ಬಿಟ್ಟು ಬೇರೆ ಯಾವತ್ತೂ ಬಾಯಿ ತೆರೆಯದ ಗಂಡ ಧರ್ಮೇಶ ಅವಳನ್ನು ಮೇಲಿಂದ ಕೆಳಗೆ ನೋಡಿ, "ಇವತ್ತೆಂತ ಹಬ್ಬನಾ?" ಎಂದ. ಆ ತಿಂಗಳಿಗೆ ಅವನ ಮಾತು ಮುಗಿಯಿತು.

ಗುಡ್ಡದ ದಾರಿ ಶುರುವಾಗುವಲ್ಲಿ ಸಣ್ಣಕ್ಕ ಹೋಗಿ ನಿಂತಳು. ಬುಟ್ಟಿ, ಪೊರಕೆ ಹಿಡಿದು ಹೆಂಗಸರ ದಂಡು ತಿರುವು ದಾಟಿ ಬಂತು. ಮುಂದೆ ಯಮುನಮ್ಮ. ಎಣ್ಣೆ ತೊಟ್ಟಿಕ್ಕುವ ಆಕೃತಿ ಕಂಡದ್ದೇ ದಂಡು ಗಕ್ಕನೆ ನಿಂತಿತು.

"ಅಯ್ಯೋ ಹಾಳಾದವ್ಳೇ! ಹೊರಡೋ ಹೊತ್ತಿಗೆ ಎಣ್ಣೆ ಮೈಯಲ್ಲಿ ಎದ್ರು ಬಂದ್ಯಲ್ಲೇ!"

"ನಾ ಬಂದಿಲ್ಲ. ನಾ ನಿಂತಿದೀನಿ. ಬಂದವ್ರು ನೀವು."

ಬೈದುಕೊಂಡು ಎಲ್ಲರೂ ಹಿಂದಕ್ಕೆ ಹೋದರು. ಕೂತರು, ನೀರು ಕುಡಿದರು, ಮತ್ತೆ ಹೊರಟರು. ಸಣ್ಣಕ್ಕ ಅಲ್ಲೇ ಇದ್ದಳು. ಮತ್ತೆ ಹಿಂದಕ್ಕೆ, ಮತ್ತೆ ನೀರು. ಗದ್ದೆಯ ಅಂಚಿನ ಮೇಲೆ ಬಳಸಿ ಹೋಗೋಣವೆಂದು ಹೊರಟರೆ, ಸಣ್ಣಕ್ಕ ಸೀರೆ ಎತ್ತಿಕಟ್ಟಿ ಗದ್ದೆಗೆ ಅಡ್ಡ ಹಾಯ್ದು ಅಲ್ಲೂ ಎದುರಾದಳು. ನೀರು ಕುಡಿದು ಕುಡಿದು ಕೆಲವರಿಗೆ ಗುಡ್ಡಕ್ಕಿಂತ ಬೇರೆ ಕಡೆಗೇ ಅವಸರವಾಯಿತು.

"ಸಣ್ಣೀ, ಸಾಕು ಮಾಡು! ಬಿಸ್ಲೇರ್ತಾ ಉಂಟು!" ಎಂದು ದಂಡಿನಿಂದ ಒಬ್ಬಳು ಕೂಗಿದಳು.

"ಹಚ್ಕಳಿ, ಬಿಡ್ತೀನಿ. ಎಲ್ರ ಮೈಯಲ್ಲೂ ಎಣ್ಣೆ ಇದ್ಮೇಲೆ ಅಪಶಕುನ ಯಾರಿಂದ ಯಾರಿಗೆ?"

ಹಿಂದೆ ನಿಂತವರು ಮುಖ ಮುಖ ನೋಡಿಕೊಂಡರು. ಮಾತೇನೋ ಸರಿಯಾಗಿತ್ತು. ಆದರೆ ಯಮುನಮ್ಮ ಬಾಯಿ ಬಿಡದೆ ಯಾರೂ ಬಾಟಲಿ ಮುಟ್ಟುವ ಹಾಗಿರಲಿಲ್ಲ. ಯಮುನಮ್ಮ ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು ಅಲ್ಲೇ ನಿಂತಳು.

ಆಗ ಜೀಪು ಬಂತು. ಶ್ರೀರಕ್ಷಾ ಇಳಿದಳು, ಹಿಂದೆ ಎನ್.ಆರ್.ಪುರದ ಹೊಸಬರು. ಮಾದರಿ ಊರಿನ ಮಾದರಿ ಕಾರ್ಯಕರ್ತೆ ಕೂದಲು ಬಿಚ್ಚಿ, ಎಣ್ಣೆಯಲ್ಲಿ ಮಿಂಚುತ್ತಾ, ಮೊಣಕಾಲಿನ ತನಕ ಗದ್ದೆಯ ಧೂಳು ಮೆತ್ತಿಕೊಂಡು ಕೈ ಅಗಲಿಸಿ ನಿಂತಿದ್ದಳು. ರಮ್ಯ ಎಂಬ ಹೊಸ ಹುಡುಗಿ, "ಇವ್ರ ಹತ್ರ ನಾವು ಕಲೀಬೇಕಾ?" ಎಂದು ಕೇಳಿಯೇಬಿಟ್ಟಳು.

"ಸಣ್ಣಕ್ಕಾ, ಇದು... ಡೆಮೋನಾ?" ಎಂದಳು ಶ್ರೀರಕ್ಷಾ.

ಹೌದು ಎಂದುಬಿಡಬಹುದಿತ್ತು. ಸಣ್ಣಕ್ಕ ಮೂಗಿನ ತುದಿಯ ಎಣ್ಣೆ ಒರೆಸಿಕೊಂಡಳು. "ಅಲ್ಲ ಮೇಡಂ. ನಾನು ಸಭೇಲಿ ಹೇಳಿದ್ದೆಲ್ಲ ಬಚ್ಚಲ ಮೋರೀಲಿ ಹೋಗಿದೆ. ಇವ್ರು ಹಚ್ಕಂಡು, ಮಿಂದ್ಕಂಡು, ಗುಡ್ಡಕ್ಕೆ ಹೋಗಿದ್ದಾರೆ. ನಾನು ಬಾಟ್ಲಿ ನೋಡಿದ್ದೇ ಹೊರ್ತು ಮೈ ನೋಡ್ಲಿಲ್ಲ."

ಓರಗಿತ್ತಿ ಇಷ್ಟು ಜನರ ಮುಂದೆ ತಾನಾಗಿಯೇ ಸೋತದ್ದನ್ನು ಯಮುನಮ್ಮ ಬದುಕಿನಲ್ಲಿ ಮೊದಲ ಸಲ ನೋಡುತ್ತಿದ್ದಳು. ಇಂಥ ದಿನ ಮತ್ತೆ ಬರುವುದಿಲ್ಲ ಎಂದು ಅವಳಿಗೆ ಗೊತ್ತು. ಬುಟ್ಟಿ ಕೆಳಗಿಟ್ಟು ಮುಂದೆ ಬಂದಳು.

"ಇಷ್ಟಕ್ಕೆ ಇಷ್ಟು ರಂಪನಾ? ಇವ್ಳಿಗೆ ಸಮಾ ಹೇಳಕ್ಕೆ ಬರಲ್ಲ, ಅದೇ ತೊಂದ್ರೆ" ಎಂದು ತನ್ನ ದಂಡಿನ ಕಡೆ ತಿರುಗಿದಳು. "ಇದು ಮೀಯೋ ಎಣ್ಣೆ ಅಲ್ಲ ಕಣ್ರೇ. ಹಲಸಿನ ಹಣ್ಣು ಕೊಯ್ಯೋಕ್ ಮುಂಚೆ ಕೈಗೆ ಎಣ್ಣೆ ಹಚ್ಕಳಲ್ವಾ, ಮೇಣ ಹಿಡೀಬಾರ್ದು ಅಂತ? ಆಗ ಯಾರಾದ್ರೂ ಮಿಂದ್ಕಂಡು ಬಂದು ಹಣ್ಣು ಕೊಯ್ತಾರಾ? ಇದೂ ಹಾಗೇ. ಉಣುಗು ಹಿಡೀಬಾರ್ದು ಅಂತ. ನಮ್ಮ ಮರದ ಹಣ್ಣು ಕೊಯ್ಯುವಾಗ..."

ಅಲ್ಲಿ ನಿಲ್ಲಿಸಿದಳು. ನಿಧಾನವಾಗಿ ಸಣ್ಣಕ್ಕನ ಕಡೆ ನೋಡಿದಳು. "ನಮ್ಮ" ಎಂದು ಇನ್ನೊಮ್ಮೆ ಅಂದಳು, "ನಮ್ಮ ಹಿತ್ತಿಲ ಹಲಸಿನ ಮರದ ಹಣ್ಣು."

ಮೇಲ್ಕೊಡಿಗೆಯವರೆಲ್ಲ ಸಣ್ಣಕ್ಕನ ಕಡೆ ತಿರುಗಿದರು. ಹೊರಗಿನವರಿಗೆ ಏನೂ ಅರ್ಥವಾಗಲಿಲ್ಲ. ಸಣ್ಣಕ್ಕನ ಬಾಯಿ ತಾನಾಗಿ ತೆರೆಯಿತು. ಬುಡ, ಬೇಲಿ, ಇಷ್ಟು ವರ್ಷ ನಾಯಿಗೆ ಹೇಳಿದ ಮಾತು ಎಲ್ಲವೂ ನಾಲಿಗೆಯ ತುದಿಗೆ ಬಂದು ಕೂತವು. ಅವಳು ಅವನ್ನೆಲ್ಲ ಒಂದೊಂದಾಗಿ ನುಂಗಿದಳು. ಬಿಸಿ ತುತ್ತು ನುಂಗಿದ ಹಾಗೆ ಕಣ್ಣಲ್ಲಿ ನೀರು ಬಂತು.

"ಹೌದು ಅಕ್ಕಾ" ಎಂದಳು. "ನಿಮ್ಮ ಮರದ್ದೇ."

"ಎಲ್ರಿಗೂ ಕೇಳ್ತಾ?" ಎಂದು ಯಮುನಮ್ಮ ಕೇಳಿದಳು. ಎಲ್ಲರಿಗೂ ಕೇಳಿತ್ತು. ಅವಳು ತೋಳು ಮುಂದೆ ಚಾಚಿದಳು. "ಹಾಕು, ನೋಡ್ತಾ ನಿಂತಿದೀಯಲ್ಲ."

ಸಣ್ಣಕ್ಕ ಸುರಿದಳು. ಯಮುನಮ್ಮ ಮೊಣಕೈ ತನಕ ತಿಕ್ಕಿದಳು, ಕಾಲಿಗೆ ತಿಕ್ಕಿದಳು.

"ಕತ್ತಿಗೂ ಅಕ್ಕಾ."

"ಗೊತ್ತುಂಟು ಹೋಗೇ."

ಬಾಟಲಿ ಕೈಯಿಂದ ಕೈಗೆ ಹೋಯಿತು. ಮೇಲ್ಕೊಡಿಗೆಯ ಹೆಂಗಸರು ಎಣ್ಣೆ ಮೈಯಲ್ಲೇ ಗುಡ್ಡ ಹತ್ತಿದರು. ಶ್ರೀರಕ್ಷಾ ಹೊಸಬರಿಗೆ ಏನು ಬರೆದುಕೊಳ್ಳಿ ಎಂದು ಹೇಳಬೇಕೋ ತಿಳಿಯದೆ, ಕೊನೆಗೆ "ಹಲಸು" ಎಂದಷ್ಟೇ ಬರೆಸಿದಳು.

ಆ ವರ್ಷ ಊರಿಗೆ ಜ್ವರ ಬಂತೇ ಎಂದರೆ, ಬಂತು. ಯಮುನಮ್ಮನಿಗೇ ಬಂತು, ನೆಗಡಿಯದು. ಆದರೂ ಅವಳು ರಕ್ತ ಪರೀಕ್ಷೆ ಮಾಡಿಸಲೇಬೇಕೆಂದು ಹಟ ಹಿಡಿದು, ಸಣ್ಣಕ್ಕನನ್ನು ಥರ್ಮಾಮೀಟರಿನ ಸಮೇತ ಮಂಚದ ಪಕ್ಕ ಕೂರಿಸಿಕೊಂಡು ಗಂಜಿ ಮಾಡಿಸಿಕೊಂಡು ಕುಡಿದಳು. ಏನೂ ಇಲ್ಲವೆಂದು ವರದಿ ಬಂದಾಗ ಇಬ್ಬರಿಗೂ ಸಮಾಧಾನವಾಯಿತು. ಗಂಜಿ ನಿಂತದ್ದಕ್ಕೆ ಯಮುನಮ್ಮನಿಗೆ ಸ್ವಲ್ಪ ಬೇಜಾರೂ ಆಯಿತು.

ಮಳೆ ಹತ್ತಿರವಾಗುವ ಹೊತ್ತಿಗೆ ಕೊಪ್ಪದಲ್ಲಿ ಇನ್ನೊಂದು ತಂಡಕ್ಕೆ ತರಬೇತಿ. ಈ ಸಲ ಪಾಠ ಹೇಳಲು ಸಣ್ಣಕ್ಕನನ್ನೇ ಕರೆದರು. ಕೈಗೆ ಎಣ್ಣೆ ಹಚ್ಚಿ ಹಲಸು ಕೊಯ್ದು ತೋರಿಸಿದರೆ ಯಾರೂ ಮರೆಯುವುದಿಲ್ಲ ಎಂದಳು ಶ್ರೀರಕ್ಷಾ. ಅದಕ್ಕೆ ಹಣ್ಣು ಬೇಕಲ್ಲ. ತನ್ನ ಹಿತ್ತಿಲಲ್ಲಿ ಬುಡ ಇರುವ ಮರದ ಹಣ್ಣಿಗಾಗಿ ಸಣ್ಣಕ್ಕ ಗೋಡೆ ಸುತ್ತಿ ಹೋಗಿ ಕೈಚಾಚಿದಳು.

ಯಮುನಮ್ಮ ಇದ್ದುದರಲ್ಲೇ ಸಣ್ಣದನ್ನು, ಒಂದು ಮಗ್ಗುಲು ಅಳಿಲು ತಿಂದದ್ದನ್ನು, ಆರಿಸಿ ತಂದಳು. "ತಗಾ. ಬೀಜ ವಾಪಸ್ ತಗಂಡ್ಬಾ. ಸಾರಿಗೆ ಬೇಕು."

ಆ ಸಂಜೆ ಜಯಪುರದ ಮೇಲೆ ಬರುವ ಬಸ್ಸಿನಲ್ಲಿ ಸಣ್ಣಕ್ಕ ಇಲಾಖೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮೂರು ತಾಲೂಕಿನ ಹೆಂಗಸರು ತಿಂದು ಉಗಿದ ಹಲಸಿನ ಬೀಜಗಳೆಲ್ಲ ಅದರೊಳಗಿದ್ದವು, ತೊಳೆದು ಒರೆಸಿ. ನಾಲ್ಕನ್ನು ಮಾತ್ರ ಅವಳು ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು, ತನ್ನ ಹಿತ್ತಿಲಿನಲ್ಲಿ ಬೇಲಿಯಿಂದ ಚೆನ್ನಾಗಿ ದೂರ ನೆಡಲು.